ಕೊನೆಯ ಹಲ್ಲು

ನಮ್ಮ ದಂತ ಕಾಲೇಜಿನಲ್ಲಿ ಕೊನೆಯ ವರ್ಷದವರಿಗೆ ಓದಿಗಿಂತ ದೊಡ್ಡ ಕೆಲಸವೆಂದರೆ ರೋಗಿಗಳನ್ನು ಹಿಡಿದು ತರುವುದು. ಇಷ್ಟು ಹಲ್ಲು ಕಿತ್ತಿರಬೇಕು, ಇಷ್ಟು ತುಂಬಿರಬೇಕು, ಇಷ್ಟು ಕಟ್ಟಿರಬೇಕು, ಅದೂ ಸ್ವಂತ ಕೈಯಿಂದ. ಲೆಕ್ಕ ತುಂಬದವರನ್ನು ಪರೀಕ್ಷೆಗೆ ಕೂರಿಸುವುದಿಲ್ಲ. ಒಳ್ಳೆಯ ಕಾಲದಲ್ಲಿ ರೋಗಿಗಳು ತಾವಾಗಿ ಬಂದು ಬೆಂಚು ತುಂಬ ಕೂತಿರುತ್ತಿದ್ದರಂತೆ. ನಮ್ಮ ಸರದಿ ಬರುವಷ್ಟರಲ್ಲಿ ದೇಶವೇ ಹಾಸಿಗೆ ಹಿಡಿದಿತ್ತು. ಡೀಸೆಲ್ ಇಲ್ಲ ಅಂತ ಬಸ್ಸಿಲ್ಲ, ಬಸ್ಸಿಲ್ಲ ಅಂತ ರೋಗಿಗಳಿಲ್ಲ. ಕೊನೆಗೆ ನಾವೇ ಬಿಳಿ ಕೋಟು ಹಾಕಿಕೊಂಡು ಬೀದಿಗಿಳಿದೆವು. ಜನ ಸಿಗುತ್ತಿದ್ದದ್ದು ಸಾಲುಗಳಲ್ಲಿ ಮಾತ್ರ. ಸೀಮೆಎಣ್ಣೆ ಸಾಲು, ಗ್ಯಾಸಿನ ಸಾಲು, ಹಾಲಿನ ಪುಡಿಯ ಸಾಲು.

"ಯಾರಿಗಾದ್ರೂ ಹಲ್ಲು ನೋವಿದ್ಯಾ? ಪುಕ್ಕಟೆ ಕಿತ್ತುಕೊಡ್ತೀವಿ!"

ಬಸ್ ಕಂಡಕ್ಟರನ ಮಗಳು ನಾನು. ಕೂಗುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಸೀಮೆಎಣ್ಣೆ ಸಾಲಿನ ಅಜ್ಜಿಯೊಬ್ಬಳು ಡಬ್ಬದ ಮೇಲೆ ಕೂತಲ್ಲಿಂದಲೇ ಹೇಳಿದಳು: "ಹಲ್ಲು ನೋಯ್ಬೇಕಾದ್ರೆ ಮೊದಲು ಜಗಿಯೋಕೆ ಏನಾದ್ರೂ ಸಿಗ್ಬೇಕಲ್ಲಮ್ಮ. ಹಲ್ಲಿದ್ದಾಗ ಕಡಲೆಯಿಲ್ಲ ಅಂತ ಗಾದೆ ಕೇಳಿಲ್ವಾ?" ಇಡೀ ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನ್ನ ಜೊತೆಗಿದ್ದ ಗಿಣಿಯೂ ನಕ್ಕಳು. ಗಿಣಿ ಎಂದರೆ ನನ್ನ ರೂಮಿನವಳು, ಪುಸ್ತಕವನ್ನೆಲ್ಲ ಬಾಯಿಪಾಠ ಒಪ್ಪಿಸುತ್ತಾಳೆಂದು ಬಿದ್ದ ಹೆಸರು. ನನಗೆ ಮಾತ್ರ ನಗು ಬರಲಿಲ್ಲ. ಚೆನ್ನಾದ ಮಾತು, ನಗಬೇಕು ಅಂತ ಗೊತ್ತಾಯಿತು. ಗೊತ್ತಾಗಿ ಏನು ಪ್ರಯೋಜನ?

ನನಗೆ ಬೇಕಾಗಿದ್ದದ್ದು ಇನ್ನು ಒಂದೇ ಒಂದು ಹಲ್ಲು. ತುಂಬುವುದು, ಕಟ್ಟುವುದು ಎಲ್ಲ ಮುಗಿದಿತ್ತು. ಕೀಳುವುದರಲ್ಲಿ ಒಂದು ಬಾಕಿ. ತಿಂಗಳ ಕೊನೆಯೊಳಗೆ ಆಗಬೇಕು. ಬೇರೆಯವರು ತಮ್ಮ ತಮ್ಮಲ್ಲೇ ರೋಗಿಗಳನ್ನು ಬದಲಾಯಿಸಿಕೊಂಡಿದ್ದರು, 'ನಿನಗೊಂದು ಕೀಳೋದು ಕೊಡ್ತೀನಿ, ನನಗೊಂದು ತುಂಬೋದು ಕೊಡು' ಅಂತ. ನನ್ನ ಹತ್ತಿರ ಬದಲಿಗೆ ಕೊಡಲು ಏನೂ ಉಳಿದಿರಲಿಲ್ಲ. ಉಳಿದಿದ್ದದ್ದು ಮರಗಟ್ಟಿಸುವ ಮದ್ದಿನ ಒಂದು ಗಾಜಿನ ಕೊಳವೆ. ಹೊರದೇಶದಿಂದ ಮದ್ದು ಬರುವುದು ನಿಂತಾಗ ಉಗ್ರಾಣದವನು ತಲೆಗಿಷ್ಟು ಅಂತ ಹಂಚಿ ಕೈ ತೊಳೆದುಕೊಂಡಿದ್ದ. ಅದನ್ನು ನಾನು ಟ್ರಂಕಿನಲ್ಲಿ ಕಾಲುಚೀಲದೊಳಗೆ ಸುತ್ತಿ ಚಿನ್ನದ ಹಾಗೆ ಕಾಪಾಡಿಕೊಂಡಿದ್ದೆ.

ಇನ್ನೊಂದು ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳುವುದು ನನಗಾಗದು. ಆ ದಿನಗಳಲ್ಲಿ ನನಗೆ ಬದುಕು ಬೇಡವಾಗಿತ್ತು. ಯಾಕೆ ಅಂತ ಕೇಳಿದರೆ ಒಂದು ಕಾರಣ ಎತ್ತಿ ತೋರಿಸಲಾರೆ. ಸರ್ಕಾರ ಬಿತ್ತು, ಇನ್ನೊಂದು ಬಂತು, ಅದೂ ಬಿತ್ತು. ಪರೀಕ್ಷೆ ಮುಂದಕ್ಕೆ ಹೋಯಿತು, ಮತ್ತೆ ಹೋಯಿತು. ಚೌಕದಲ್ಲಿ ಅಶ್ರುವಾಯು ಸಿಡಿಸಿದ ದಿನ ನಮ್ಮ ರೋಗಿಗಳು ಬಾಯಿ ತೆರೆಯುವ ಮೊದಲೇ ಕಣ್ಣೀರು ಸುರಿಸುತ್ತಿದ್ದರು. ಮೇಷ್ಟ್ರುಗಳು ಒಬ್ಬೊಬ್ಬರಾಗಿ ವಿಮಾನ ಹತ್ತಿದರು. ವಿದ್ಯಾರ್ಥಿಗಳ ಮನಸ್ಸಿನ ಕಷ್ಟ ಕೇಳಲು ಒಬ್ಬ ಸಲಹೆಗಾರ್ತಿ ಇದ್ದಳು, ಅವಳೂ ಹೋದಳು. ಅವಳ ಕೋಣೆಯಲ್ಲಿ ಈಗ ಜನರೇಟರಿನ ಡೀಸೆಲಿನ ಖಾಲಿ ಡಬ್ಬಗಳನ್ನು ಪೇರಿಸಿದ್ದರು. ಗೋಡೆಯ ಮೇಲೆ ಅವಳ ಚೀಟಿ ಮಾತ್ರ ಉಳಿದಿತ್ತು: 'ಮಾತಾಡಿ, ಮನಸ್ಸು ಹಗುರಾಗುತ್ತದೆ.' ಯಾರ ಹತ್ತಿರ ಅಂತ ಬರೆದಿರಲಿಲ್ಲ.

ಹುಡುಗರ ಹಾಸ್ಟೆಲಿನಲ್ಲಿ ಒಬ್ಬ ಜೀವ ಕಳೆದುಕೊಂಡ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಆಮೇಲೆ ಎಲ್ಲ ಹಾಸ್ಟೆಲುಗಳ ತಾರಸಿಗೂ ಬೀಗ ಬಿತ್ತು. ನಮ್ಮ ಹಾಸ್ಟೆಲಿನ ಬೀಗ ಸರಿಯಾಗಿ ಕೂರುವುದಿಲ್ಲ ಎನ್ನುವುದು ನನಗೊಬ್ಬಳಿಗೆ ಗೊತ್ತಿತ್ತು. ಸಂಜೆ ಹೊತ್ತು ಹೋಗಿ ನಿಂತು ಬಂದಿದ್ದೆ. ಕೆಳಗಿಳಿದು ಬಂದದ್ದು ಬದುಕಬೇಕು ಅಂತಲ್ಲ. ಆ ಒಂದು ಹಲ್ಲು ಬಾಕಿ ಇತ್ತು. ಕೆಲಸ ಬಾಕಿ ಇಟ್ಟು ಹೋಗುವುದು ನಮ್ಮ ಮನೆತನದಲ್ಲೇ ಇಲ್ಲ. ಬಸ್ಸು ಕೆಟ್ಟು ನಿಂತರೂ ಕೊನೆಯ ಪ್ರಯಾಣಿಕನನ್ನು ಇನ್ನೊಂದು ಬಸ್ಸಿಗೆ ಹತ್ತಿಸದೆ ಅಪ್ಪ ಮನೆಗೆ ಬಂದವನಲ್ಲ. ಹಲ್ಲಿನ ಲೆಕ್ಕ ಮುಗಿಯಲಿ, ಆಮೇಲೆ ನನ್ನದೂ ಮುಗಿಯಲಿ ಅಂದುಕೊಂಡಿದ್ದೆ. ಹುಚ್ಚು ಲೆಕ್ಕವೇ, ಆದರೆ ಒಳಗಿದ್ದವಳಿಗೆ ಅದು ಬಹಳ ಸರಿಯಾಗಿ ಕಾಣುತ್ತಿತ್ತು.

ಇದು ಯಾರಿಗೂ ಗೊತ್ತಿರಲಿಲ್ಲ. ಕೈ ನಡುಗುತ್ತಿರಲಿಲ್ಲ, ಅಳು ಬರುತ್ತಿರಲಿಲ್ಲ. ಒಂದು ಕಾಲುಚೀಲ ಹಾಕಿಕೊಂಡು ಇನ್ನೊಂದನ್ನು ಹಿಡಿದು ಬಹಳ ಹೊತ್ತು ಮಂಚದ ಮೇಲೆ ಕೂತುಬಿಡುತ್ತಿದ್ದೆ, ಅಷ್ಟೆ. ಅಪ್ಪ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ. 'ಚೆನ್ನಾಗಿದ್ದೀನಿ ಅಪ್ಪ. ಇನ್ನೊಂದು ಹಲ್ಲು ಬಾಕಿ ಇದೆ. ಹೂಂ ಅಪ್ಪ. ಇಡ್ತೀನಿ' ಎನ್ನುತ್ತಿದ್ದೆ.

ತಿಂಗಳು ಮುಗಿಯುತ್ತಾ ಬಂದ ಒಂದು ಬೆಳಿಗ್ಗೆ ಕ್ಲಿನಿಕ್ಕಿಗೆ ಹೋದರೆ ಬೆಂಚಿನ ಮೇಲೆ ಅಪ್ಪ ಕೂತಿದ್ದಾನೆ! ಮೈಮೇಲೆ ಕಂಡಕ್ಟರ್ ಅಂಗಿ, ಬಲಗೆನ್ನೆಗೆ ಒತ್ತಿಹಿಡಿದ ಕರ್ಚೀಫು, ಕಾಲರಿಗೆ ಅಂಟಿಕೊಂಡ ಎಲೆಕೋಸಿನ ಚೂರು. ಪಕ್ಕದಲ್ಲಿ ಕೂತ ನಾಲ್ಕು ಜನಕ್ಕೆ ಆಗಲೇ ತನ್ನ ಪೂರ್ತಿ ಪ್ರಯಾಣದ ಕಥೆ ಹೇಳಿ ಮುಗಿಸಿದ್ದ.

"ಬಂದ್ಲು ನೋಡಿ ನಮ್ಮ ಡಾಕ್ಟ್ರಮ್ಮ!" ಅಂದ.

"ಅಪ್ಪ, ನೀನು ಯಾಕೆ ಬಂದೆ? ಹೇಗೆ ಬಂದೆ?"

"ಹಲ್ಲು ನೋವು ಕಣಮ್ಮ, ಪ್ರಾಣ ಹೋಗ್ತಿದೆ. ಎಲೆಕೋಸಿನ ಲಾರಿ ಸಿಕ್ತು, ಹತ್ತಿಬಿಟ್ಟೆ. ದಾರಿಯುದ್ದಕ್ಕೂ ಹಸೀ ದಿಂಡು ಜಗಿದುಕೊಂಡು ಬಂದೆ, ಆ ಡ್ರೈವರ್ ಒಳ್ಳೇ ಮನುಷ್ಯ."

ಪ್ರಾಣ ಹೋಗುವಷ್ಟು ಹಲ್ಲು ನೋವಿರುವವನು ಹಸೀ ಎಲೆಕೋಸಿನ ದಿಂಡು ಜಗಿಯುತ್ತಾನೆಯೇ? ಮೊದಲ ವರ್ಷದ ವಿದ್ಯಾರ್ಥಿ ಕೂಡ ಕೇಳುವ ಪ್ರಶ್ನೆ. ನಾನು ಕೇಳಲಿಲ್ಲ. ನನ್ನ ಕಿವಿಗೆ ಬಿದ್ದದ್ದು ಹಲ್ಲು ಎನ್ನುವ ಒಂದು ಪದ ಮಾತ್ರ. ಹಾಸ್ಟೆಲಿಗೆ ಓಡಿಹೋಗಿ ಕಾಲುಚೀಲದೊಳಗಿನ ಮದ್ದು ತಂದೆ.

ಕರೆಂಟಿರಲಿಲ್ಲ, ಕುರ್ಚಿ ಏಳುವುದೂ ಇಲ್ಲ ಇಳಿಯುವುದೂ ಇಲ್ಲ. ಕಿಟಕಿಯ ಬೆಳಕಿಗೆ ಅಪ್ಪನ ತಲೆಯನ್ನು ತಿರುಗಿಸಿ ಬಾಯಿ ತೆಗೆಸಿದೆ. ಈಗ ಅವನು ಎಡಗಡೆ ಕೆಳಗೆ ತೋರಿಸಿದ. ನೋವು ಹರಡಿಕೊಂಡಿರಬೇಕು ಎಂದು ನಾನೇ ಸಮಾಧಾನ ಹೇಳಿಕೊಂಡೆ. ಕೋರೆಹಲ್ಲಿನ ಹಿಂದೆ, ಒಂದೇ ಬೇರಿನ ಹಲ್ಲು. ಅದರಲ್ಲಿ ಎಂದೋ ತುಂಬಿಸಿದ ಕಪ್ಪು ಬೆಳ್ಳಿ. ಹಲ್ಲು ನೋಡುವ ಕನ್ನಡಿಯ ಹಿಡಿಯಿಂದ ತಟ್ಟಿ ನೋಡೋಣವೆಂದು ಕೈ ತಂದೆ.

"ಅಯ್ಯಯ್ಯೋ! ಅದೇ, ಅದೇ!" ಎಂದು ಕೂಗಿದ.

ನಾನಿನ್ನೂ ತಟ್ಟಿರಲಿಲ್ಲ.

ಮೇಡಂ ಟಾರ್ಚು ಹಿಡಿದು ಬಂದರು. ಉಳಿದ ಮೇಷ್ಟ್ರುಗಳೆಲ್ಲ ಹೋದ ಮೇಲೆ ಇಡೀ ಕ್ಲಿನಿಕ್ಕನ್ನು ಅವರೊಬ್ಬರೇ ಓಡಿಸುತ್ತಿದ್ದರು, ನಿಂತು ಉಸಿರು ಬಿಡಲೂ ಹೊತ್ತಿರಲಿಲ್ಲ.

"ಎಕ್ಸ್‌-ರೇ?"

"ಕರೆಂಟಿಲ್ಲ ಮೇಡಂ."

"ತಟ್ಟಿದ್ರೆ ನೋವಿದ್ಯಾ?"

"ತುಂಬಾ ಇದೆ ಮೇಡಂ," ಅಂದೆ.

"ಹಳೇ ಫಿಲ್ಲಿಂಗು, ಕೆಳಗೆ ಕೊಳೆತಿರುತ್ತೆ. ತೆಗಿ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಮದ್ದು ಚುಚ್ಚಿದೆ. ತುಟಿ ಮರಗಟ್ಟುವವರೆಗೂ ಅಪ್ಪ ಪಕ್ಕದ ಕುರ್ಚಿಯವನಿಗೆ ಡೀಸೆಲ್ ಯಾವಾಗ ಬರುತ್ತದೆಂದು ವಿವರಿಸುತ್ತಿದ್ದ. ಆಮೇಲೆ ನಾಲಿಗೆ ದಪ್ಪವಾಗಿ ಮಾತು ನಿಂತಿತು. ಒಸಡು ಬಿಡಿಸಿ, ಇಕ್ಕಳ ಹಾಕಿ ತಿರುಗಿಸಿದೆ.

ಹಲ್ಲು ಅಲುಗಲಿಲ್ಲ. ಕೆಟ್ಟ ಹಲ್ಲು ಬಾಡಿಗೆದಾರನ ಹಾಗೆ, ನೋಟಿಸು ಕೊಟ್ಟರೆ ಗೊಣಗಿಕೊಂಡಾದರೂ ಹೊರಡುತ್ತದೆ. ಇದು ಸ್ವಂತ ಮನೆಯ ಯಜಮಾನನ ಹಾಗೆ ಕೂತಿತ್ತು. ಊಟ ಸರಿಯಿಲ್ಲ, ನನ್ನ ತೋಳಲ್ಲೇ ಬಲವಿಲ್ಲ ಅಂದುಕೊಂಡೆ. ಅಪ್ಪ ಕುರ್ಚಿಯ ಕೈ ಹಿಡಿದು ಕಣ್ಣು ಮುಚ್ಚಿದ್ದ. ಹಣೆಯಲ್ಲಿ ಬೆವರಿತ್ತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಬಹಳ ಹೊತ್ತಿನ ಮೇಲೆ ಒಳಗೆಲ್ಲೋ ಹಿಡಿತ ಬಿಟ್ಟಿತು, ಹಲ್ಲು ಇಡಿಯಾಗಿ ಕೈಗೆ ಬಂತು.

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬೇರು ನೆಟ್ಟಗಿತ್ತು, ಸ್ವಚ್ಛವಾಗಿತ್ತು. ಕೀವಿಲ್ಲ, ಕೊಳೆಯಿಲ್ಲ. ಬೇರಿನ ಸುತ್ತ ತೆಳುವಾದ ಗುಲಾಬಿ ಪೊರೆ, ಪುಸ್ತಕದ ಚಿತ್ರದಲ್ಲಿ ಆರೋಗ್ಯವಂತ ಹಲ್ಲು ಎಂದು ತೋರಿಸುತ್ತಾರಲ್ಲ, ಹಾಗೆ.

ಅಪ್ಪ ಒಂದು ಕಣ್ಣು ತೆರೆದ. ಮರಗಟ್ಟಿದ ತುಟಿಯಲ್ಲೇ ಕೇಳಿದ: "ಆಯ್ತಾ? ಲೆಕ್ಕ ತುಂಬ್ತಾ?"

ಆಗ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಎಲೆಕೋಸಿನ ದಿಂಡು, ಬಲಗೆನ್ನೆಯ ಕರ್ಚೀಫು, ತಟ್ಟುವ ಮೊದಲೇ ಬಂದ ಕೂಗು. ಅವನಿಗೆ ಯಾವ ನೋವೂ ಇರಲಿಲ್ಲ. ಮಗಳಿಗೆ ಒಂದು ಹಲ್ಲು ಬಾಕಿ ಇದೆ ಅಂತ ಬಾಯೊಳಗಿನದನ್ನು ಕೊಡಲು ಲಾರಿ ಹತ್ತಿ ಬಂದಿದ್ದ.

ಹಲ್ಲು ಇಕ್ಕಳದಲ್ಲಿತ್ತು. ಟ್ರೇಗೆ ಹಾಕಿ ಮೇಡಂ ಅವರನ್ನು ಕರೆದರೆ ಸಹಿ ಬೀಳುತ್ತದೆ, ಲೆಕ್ಕ ಮುಗಿಯುತ್ತದೆ. ಮುಗಿದ ಮೇಲೆ ತಾರಸಿಯ ಬಾಗಿಲು. ಅದು ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ. ತಾನು ಏನನ್ನು ಕೊಡುತ್ತಿದ್ದೇನೆಂದು ಗೊತ್ತಿಲ್ಲದೆ ಈ ಮನುಷ್ಯ ಒಂದು ಕಣ್ಣು ತೆರೆದು ನನ್ನ ಮುಖ ನೋಡುತ್ತಿದ್ದಾನೆ, ನಾನು ಖುಷಿಪಡುತ್ತೇನೇನೋ ಅಂತ.

ನನಗೆ ಸಿಟ್ಟು ಬಂತು. ಎಷ್ಟೋ ತಿಂಗಳ ಮೇಲೆ ಬಂದ ಸಿಟ್ಟು, ನೆತ್ತಿಯವರೆಗೂ ಏರಿತು.

"ಯಾರು ಕೇಳಿದ್ರು ನಿನ್ನ? ಹ್ಞಾ? ಯಾರು ಕೇಳಿದ್ದು? ಗಟ್ಟಿ ಹಲ್ಲು ಕೊಡೋಕೆ ಬರ್ತಾರಾ ಯಾರಾದ್ರೂ? ತಲೆ ಇದ್ಯಾ ನಿನಗೆ?"

ಕ್ಲಿನಿಕ್ಕಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಗಿಣಿ, ಸಲೈನ್ ತಾ! ತಂತಿ ತಾ! ಬೇಗ!" ಎಂದು ಕೂಗಿದೆ. ಗಿಣಿ ಒಂದೂ ಪ್ರಶ್ನೆ ಕೇಳದೆ ತಂದಳು. ಹೊರಬಂದ ಹಲ್ಲನ್ನು ತಕ್ಷಣ ಅದೇ ಕುಳಿಯಲ್ಲಿ ಕೂರಿಸಿದರೆ ಕೆಲವೊಮ್ಮೆ ಹಿಡಿದುಕೊಳ್ಳುತ್ತದೆ. ಬೇರನ್ನು ಮುಟ್ಟಬಾರದು, ಒಣಗಲು ಬಿಡಬಾರದು. ಸಲೈನಿನಲ್ಲಿ ತೊಳೆದು, ಹಲ್ಲಿನ ತಲೆಯನ್ನಷ್ಟೇ ಹಿಡಿದು, ಬಂದ ದಾರಿಯಲ್ಲೇ ಮೆಲ್ಲಗೆ ಒಳಗೆ ಒತ್ತಿದೆ. "ಉಂ, ಉಂ" ಎಂದು ಅಪ್ಪ ತಲೆಯಾಡಿಸಿದ. ಬೇಡ, ತೆಗೆದುಕೋ ಎನ್ನುತ್ತಿದ್ದ. "ಅಲ್ಲಾಡಬೇಡ" ಎಂದು ಗದರಿದೆ. ಸಪೂರ ತಂತಿಯಿಂದ ಆಚೀಚಿನ ಹಲ್ಲುಗಳಿಗೆ ಸೇರಿಸಿ ಬಿಗಿದು ಕಟ್ಟಿ, ಹತ್ತಿಬಟ್ಟೆ ಕಚ್ಚಿಸಿದೆ.

ಮೇಡಂ ಬಂದು ಟ್ರೇ ನೋಡಿದರು. "ಎಲ್ಲಿ ಹಲ್ಲು?"

"ವಾಪಸ್ ಹಾಕಿದೆ ಮೇಡಂ. ಗಟ್ಟಿ ಹಲ್ಲು. ಅವ್ರು ನಮ್ಮಪ್ಪ, ಸುಳ್ಳು ನೋವು ಹೇಳಿದ್ರು. ನಾನು ಸರಿಯಾಗಿ ನೋಡ್ಲಿಲ್ಲ."

ಅವರು ಟಾರ್ಚು ಹಾಕಿ ತಂತಿಯನ್ನು ನೋಡಿದರು, ಅಪ್ಪನನ್ನು ನೋಡಿದರು.

"ನಾನೂ ನೋಡ್ಲಿಲ್ಲ, ತೆಗಿ ಅಂದವಳು ನಾನೇ," ಅಂದರು. "ಆದ್ರೆ ಇದನ್ನ ಲೆಕ್ಕಕ್ಕೆ ಹಾಕೋಕಾಗಲ್ಲ. ಈ ಸಲ ನಿನಗೆ ಪರೀಕ್ಷೆ ಇಲ್ಲ."

"ಮುಂದಿನ ಸಲ ಯಾವಾಗ ಮೇಡಂ?"

"ನನ್ನ ಕೇಳ್ಬೇಡ." ಟಾರ್ಚು ಆರಿಸಿದರು. "ನನಗೆ ವೀಸಾ ಬಂದಿದೆ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಗಿಣಿ ಅತ್ತಳು, ನನ್ನ ಪರವಾಗಿ. ನಾನು ಅಪ್ಪನನ್ನು ಎಬ್ಬಿಸಿಕೊಂಡು ಹೊರಟೆ. ವರಾಂಡದಲ್ಲಿ ಕೂರಲು ಜಾಗವಿರಲಿಲ್ಲ. ತೆರೆದಿದ್ದದ್ದು ಸಲಹೆಗಾರ್ತಿಯ ಕೋಣೆ ಮಾತ್ರ. ಖಾಲಿ ಡಬ್ಬಗಳನ್ನು ಸರಿಸಿ, ಒಂದರ ಮೇಲೆ ಅವನನ್ನು ಕೂರಿಸಿ, ಇನ್ನೊಂದರ ಮೇಲೆ ನಾನು ಕೂತೆ.

"ಹತ್ತಿಬಟ್ಟೆ ತೆಗೀಬಾರ್ದು. ಮಾತಾಡ್ಬಾರ್ದು. ನಾನು ಹೇಳೋವರೆಗೂ ಬಾಯಿ ಮುಚ್ಚಿಕೊಂಡಿರ್ಬೇಕು."

ಅಪ್ಪ ತಲೆಯಾಡಿಸಿದ. ಎಚ್ಚರವಿದ್ದಾಗ ಅವನು ಬಾಯಿ ಮುಚ್ಚಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಒಂದು ಮಾತಿಗೆ ಹತ್ತು ಮಾತು ಆಡುವವನು. ನಮ್ಮ ಮನೆಯಲ್ಲಿ ಕಷ್ಟ ಹೇಳಿಕೊಳ್ಳಲು ಹೋದರೆ, ಹೇಳುವವರಿಗಿಂತ ಮೊದಲೇ ಅವನು ಪರಿಹಾರ ಹೇಳಿ ಮುಗಿಸಿಬಿಡುತ್ತಿದ್ದ. ಈಗ ಅವನಿಗೆ ಬಾಯಿಲ್ಲ. ಆ ನಿಶ್ಶಬ್ದ ನನ್ನನ್ನು ತಡೆಯಲಿಲ್ಲ.

"ಅಪ್ಪ, ನಾನು ಚೆನ್ನಾಗಿಲ್ಲ."

ಅವನು ನೋಡಿದ.

"ಫೋನಲ್ಲಿ ಹೇಳಿದ್ದೆಲ್ಲ ಸುಳ್ಳು. ನಿದ್ದೆ ಬರಲ್ಲ. ಊಟದ ರುಚಿ ಗೊತ್ತಾಗಲ್ಲ. ಯಾರಾದ್ರೂ ನಕ್ರೆ ಯಾಕೆ ನಗ್ತಿದ್ದಾರೆ ಅಂತ ಯೋಚಿಸ್ಬೇಕು. ಹಾಸ್ಟೆಲ್ ತಾರಸಿಗೆ ಹೋಗಿದ್ದೆ ಅಪ್ಪ. ಸುಮ್ನೆ ಗಾಳಿಗಲ್ಲ. ಈ ಹಲ್ಲೊಂದು ಬಾಕಿ ಇತ್ತು ಅಂತ ವಾಪಸ್ ಬಂದೆ. ಇವತ್ತು ನೀನು ಕೊಟ್ಟಿದ್ದನ್ನ ಟ್ರೇಗೆ ಹಾಕಿದ್ದಿದ್ರೆ ಎಲ್ಲ ಬಾಕಿನೂ ಮುಗೀತಿತ್ತು. ಅದಕ್ಕೇ ಕಾಯ್ತಾ ಇದ್ದೆ ನಾನು."

ಅಪ್ಪನ ಮುಖದ ಅರ್ಧ ಭಾಗ ಮರಗಟ್ಟಿತ್ತು. ಉಳಿದರ್ಧ ಕುಸಿಯುವುದನ್ನು ನೋಡಿದೆ. ಗಂಟಲೊಳಗಿಂದ ಒಂದು ಸದ್ದು ಬಂತು, ಮಾತಲ್ಲ. ಕೈ ಚಾಚಿ ನನ್ನ ಕೋಟಿನ ತೋಳು ಹಿಡಿದುಕೊಂಡ. ತಿರುವಿನಲ್ಲಿ ವಾಲುವ ಬಸ್ಸಿನಲ್ಲಿ ಕಂಬಿ ಹಿಡಿಯುತ್ತಾನಲ್ಲ, ಅಷ್ಟು ಬಿಗಿಯಾಗಿ. ಕಣ್ಣಿಂದ ನೀರಿಳಿದು ಮರಗಟ್ಟಿದ ಗಲ್ಲದ ಮೇಲೆ ಹರಿಯುತ್ತಿತ್ತು, ಅದು ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ನಾನೂ ಅತ್ತೆ. ಹಗುರವೇನೂ ಆಗಲಿಲ್ಲ, ಆ ಚೀಟಿ ಶುದ್ಧ ಸುಳ್ಳು. ಒಳಗಿದ್ದದ್ದು ಇಬ್ಬರ ಮೇಲೂ ಬಿತ್ತು ಅಷ್ಟೆ.

ಸ್ವಲ್ಪ ಹೊತ್ತಿಗೆ ಅವನು ಹತ್ತಿಬಟ್ಟೆಯನ್ನು ಕೈಗೆ ಉಗಿದುಕೊಂಡ.

"ತೆಗೀಬೇಡ ಅಂದ್ನಲ್ಲ!"

"ಎರಡು ಮಾತು," ಅಂದ. ತುಟಿ ತೊದಲುತ್ತಿತ್ತು. "ನನಗೆ ಗೊತ್ತಿತ್ತು ಮಗಳೇ. ತಾರಸಿ ಗೊತ್ತಿರ್ಲಿಲ್ಲ. ಆದ್ರೆ ಏನೋ ಆಗಿದೆ ಅಂತ ಗೊತ್ತಿತ್ತು. ನೀನು ಜಗಳ ಆಡೋದು ಬಿಟ್ಟೆ."

"ಯಾವ ಜಗಳ?"

"ಆ ಮನುಷ್ಯನ ವಿಷಯ."

ಆ ಮನುಷ್ಯ ಎಂದರೆ ಅಪ್ಪ ಎರಡು ಸಲ ಮತ ಹಾಕಿ ಗೆಲ್ಲಿಸಿದ ನಾಯಕ, ದೇಶವನ್ನು ಈ ಗತಿಗೆ ತಂದು ಮನೆಗೆ ಹೋದವನು. ಅವನ ಹೆಸರೆತ್ತಿದರೆ ನಾನೂ ಅಪ್ಪನೂ ಫೋನಿನಲ್ಲಿ ಹಾವು ಮುಂಗುಸಿಯಾಗುತ್ತಿದ್ದೆವು. ಅಮ್ಮ ಬಂದು ಫೋನು ಕಿತ್ತುಕೊಳ್ಳಬೇಕಾಗುತ್ತಿತ್ತು.

"ಅವನ ಮೇಲಿನ ನಂಬಿಕೆ ನನಗೂ ಎಂದೋ ಹೋಗಿದೆ," ಅಂದ ಅಪ್ಪ. "ಹೋದ ವಾರ ಬೇಕಂತಲೇ ಹೊಗಳಿದೆ. ಅವನಂಥ ನಾಯಕ ಇನ್ನೊಬ್ಬ ಹುಟ್ಟಲ್ಲ ಅಂದೆ. ನೀನು ನನ್ನ ಜನ್ಮ ಜಾಲಾಡ್ತೀಯ ಅಂತ ಕಾದೆ. ನೀನು 'ಹೂಂ ಅಪ್ಪ' ಅಂದೆ. ಅವತ್ತು ಹೆದರಿಕೊಂಡೆ. ಈ ಹಲ್ಲಿನ ಕೆಲಸ ಮುಗಿದ್ರೆ ಸರಿಹೋಗ್ತಾಳೆ ಅಂದುಕೊಂಡು ಬಂದೆ. ಹಾಗಾದ್ರೆ ನಾನೇ ನಿನ್ನನ್ನ..."

ಹತ್ತಿಬಟ್ಟೆಯನ್ನು ಮುಷ್ಟಿಯಲ್ಲಿ ಹಿಸುಕುತ್ತಾ ಕೂತ. ನಾನು ಹೊಸದೊಂದನ್ನು ಮಡಿಸಿದೆ.

"ಈ ತಂತಿ ಯಾವಾಗ ಬಿಚ್ಚೋದು?" ಎಂದು ಕೇಳಿದ.

"ಎರಡು ವಾರ ಆಗ್ಬೇಕು. ಊರಲ್ಲಿ ಯಾವ ಡಾಕ್ಟ್ರಾದ್ರೂ ಬಿಚ್ತಾರೆ."

"ಬೇರೆಯವರ ಮುಂದೆ ನಾನು ಬಾಯಿ ತೆಗೆಯಲ್ಲ. ಕಟ್ಟಿದವಳು ನೀನು, ಬಿಚ್ಚೋಕೂ ನೀನೇ ಇರ್ಬೇಕು."

"ಅಪ್ಪ, ಅದು ನಿಲ್ಲುತ್ತೆ ಅಂತ ಖಾತ್ರಿ ಇಲ್ಲ."

"ನಿಲ್ಲದಿದ್ರೆ ಕೀಳೋಕೂ ನೀನೇ ಇರ್ಬೇಕು. ಕೆಲಸ ಬಾಕಿ ಇಟ್ಟು ಎಲ್ಲಿಗೆ ಹೋಗ್ತೀಯ?"

ಎರಡು ವಾರ. ನಾನು ಆ ತಿಂಗಳ ಕೊನೆಯ ಆಚೆಗೆ ಒಂದು ದಿನವನ್ನೂ ಯೋಚಿಸಿರಲಿಲ್ಲ. ಪರೀಕ್ಷೆಯಿಲ್ಲ, ಮೇಡಂ ಇರುವುದಿಲ್ಲ, ಕಾಲೇಜು ಇರುತ್ತದೋ ಇಲ್ಲವೋ. ಮೇಲೆ ತಾರಸಿಯ ಬೀಗ ಈಗಲೂ ಸಡಿಲವಾಗಿಯೇ ಇತ್ತು. ನಾನು ಹತ್ತಿಬಟ್ಟೆಯನ್ನು ಮುಂದೆ ಹಿಡಿದೆ. ಅಪ್ಪ ಅದನ್ನು ಕಚ್ಚಲಿಲ್ಲ.

"ಏನೇ ಅನ್ನು," ಅಂದ, ನನ್ನ ತೋಳು ಬಿಡದೆ, ಕಣ್ಣು ನನ್ನ ಮೇಲೆಯೇ ನೆಟ್ಟು, "ಆ ಮನುಷ್ಯ ಅಷ್ಟೇನೂ ಕೆಟ್ಟವನಲ್ಲ."

ಹೂಂ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡೆ.

"ಅವನು ಕಳ್ಳ," ಅಂದೆ. ಸ್ವರ ನನಗೇ ಸರಿಯಾಗಿ ಕೇಳಿಸಲಿಲ್ಲ.

"ಇನ್ನೂ ಜೋರಾಗಿ ಹೇಳು," ಅಂದ ಅಪ್ಪ.